ಒಂದೇ ಹಾಳೆ, ಎರಡು ಸಂದೇಶ: ವೆನೋನಾ ಓದುವವರಿಗೆ ಅಧ್ಯಯನ ಟಿಪ್ಪಣಿ

ಎರಡನೇ ಮಹಾಯುದ್ಧ ಮುಗಿದ ಮೇಲಿನ ಐದಾರು ವರ್ಷಗಳಲ್ಲಿ ನಡೆಯುವ ಬೇಹುಗಾರಿಕೆಯ ಪತ್ತೇದಾರಿ ಸರಣಿಗಳಲ್ಲಿ ಒಂದು ಸನ್ನಿವೇಶ ಮತ್ತೆ ಮತ್ತೆ ಬರುತ್ತದೆ. ಕಚೇರಿಯೊಳಗೇ ಒಬ್ಬ ದ್ರೋಹಿ ಇದ್ದಾನೆಂದು ಮೇಲಧಿಕಾರಿಗೆ ಗೊತ್ತು. ಹೇಗೆ ಗೊತ್ತಾಯಿತು ಎಂದು ಮಾತ್ರ ಆತ ಬಾಯಿ ಬಿಡುವುದಿಲ್ಲ. ಬಂಧಿಸುವುದೂ ಇಲ್ಲ, ಬಿಡುವುದೂ ಇಲ್ಲ. ಕಥೆಯನ್ನು ಎಳೆಯಲು ಮಾಡಿದ ಉಪಾಯದಂತೆ ಕಂಡರೂ ಇದರ ಬೇರು ನಿಜವಾದ ಚರಿತ್ರೆಯಲ್ಲಿದೆ. ಅಮೆರಿಕದ ಸೇನೆಯ ಗೂಢಲಿಪಿ ವಿಭಾಗವು ಸೋವಿಯತ್ ತಂತಿ ಸಂದೇಶಗಳನ್ನು ಬಿಡಿಸಿದ ಆ ಕೆಲಸವನ್ನು ಇಂದು ವೆನೋನಾ ಎಂದು ಕರೆಯುತ್ತೇವೆ. ಅದು ಹೇಗೆ ನಡೆಯಿತು, ಯಾವ ವರ್ಷ ಯಾರಿಗೆ ಎಷ್ಟು ಗೊತ್ತಿತ್ತು ಎಂಬುದನ್ನು ಬಿಡಿಸಿಟ್ಟುಕೊಂಡರೆ ಆ ಕಾಲದ ಯಾವ ಕಥೆಯನ್ನಾದರೂ ಗಟ್ಟಿ ನೆಲದ ಮೇಲೆ ನಿಂತು ಓದಬಹುದು.

ಲೆಕ್ಕದಿಂದಲೇ ಶುರುಮಾಡೋಣ. ವೆನೋನಾ ಬಗ್ಗೆ ಓದುವವರು ಹೆಚ್ಚಾಗಿ ಹೆಸರುಗಳಿಗೆ, ಬಂಧನಗಳಿಗೆ ನೇರವಾಗಿ ಹಾರಿಬಿಡುತ್ತಾರೆ. ಕೂಡುವ ಕಳೆಯುವ ಲೆಕ್ಕ ಕೈಗೆ ಹತ್ತದಿದ್ದರೆ ಮುಂದಿನದೆಲ್ಲ ಮಾಯಮಂತ್ರದಂತೆ ಕಾಣುತ್ತದೆ. ಕಾಗದ ಪೆನ್ಸಿಲು ಹಿಡಿದು ಕೂತರೆ ಅರ್ಧ ಗಂಟೆಯ ಕೆಲಸ.

ಸಂದೇಶ ಹೊರಡುತ್ತಿದ್ದ ಬಗೆ

1944ರಲ್ಲಿ ನ್ಯೂಯಾರ್ಕಿನ ಸೋವಿಯತ್ ದೂತಾವಾಸದ ಸಂಕೇತ ಗುಮಾಸ್ತನ ಮೇಜಿನ ಮೇಲೆ ಎರಡು ಪುಸ್ತಕಗಳು ಇರುತ್ತಿದ್ದವು. ಮೊದಲನೆಯದು ಕೋಡ್‌ಬುಕ್. ಪದಗಳಿಗೆ, ಪದಗುಚ್ಛಗಳಿಗೆ, ವಿರಾಮಚಿಹ್ನೆಗಳಿಗೆ ನಾಲ್ಕಂಕಿಯ ಸಂಖ್ಯೆ ಕೊಟ್ಟಿರುವ ನಿಘಂಟು ಅದು. ನಮ್ಮಲ್ಲಿ ತಂತಿ ಕಚೇರಿಗಳಿದ್ದ ಕಾಲದಲ್ಲಿ ಹಬ್ಬದ, ಮದುವೆಯ ಶುಭಾಶಯಗಳಿಗೆ ಸಂಖ್ಯೆ ಹಾಕಿದ ಪಟ್ಟಿ ಇರುತ್ತಿತ್ತು. ಸಂಖ್ಯೆ ಬರೆದುಕೊಟ್ಟರೆ ಆ ತುದಿಯಲ್ಲಿ ಪೂರ್ತಿ ವಾಕ್ಯ ಬರುತ್ತಿತ್ತು. ಅದನ್ನು ಕಂಡವರಿಗೆ ಕೋಡ್‌ಬುಕ್ ಎಂದರೇನೆಂದು ಹೆಚ್ಚು ಹೇಳಬೇಕಿಲ್ಲ. ನಾಲ್ಕಂಕಿ ಎಂದರೆ ಹೆಚ್ಚೆಂದರೆ 10,000 ನಮೂದುಗಳು. ಪುಸ್ತಕದಲ್ಲಿಲ್ಲದ ಪದ, ಅದರಲ್ಲೂ ಇಂಗ್ಲಿಷ್ ಹೆಸರು ಬಂದರೆ, ‘ಇಲ್ಲಿಂದ ಅಕ್ಷರ ಶುರು’ ಎಂಬ ಸಂಖ್ಯೆ ಹಾಕಿ, ಬೇರೊಂದು ಕೋಷ್ಟಕದಿಂದ ಅಕ್ಷರಗಳನ್ನು ಜೋಡಿಸಿ, ‘ಅಕ್ಷರ ಮುಗಿಯಿತು’ ಎಂಬ ಸಂಖ್ಯೆ ಹಾಕುತ್ತಿದ್ದರು. ಈ ಅಕ್ಷರ ಕೋಷ್ಟಕವನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೀಗ ತೆರೆಯುವುದು ಇಲ್ಲೇ.

ಎರಡನೆಯದು ಒಂದು ಸಲದ ಕೀಲಿ ಪುಸ್ತಿಕೆ, ಇಂಗ್ಲಿಷಿನಲ್ಲಿ ಒನ್‌ಟೈಮ್ ಪ್ಯಾಡ್. ಪ್ರತಿ ಹಾಳೆಯಲ್ಲಿ ಐದಂಕಿಯ 60 ಗುಂಪುಗಳು. ಯಾವ ಕ್ರಮವೂ ಇಲ್ಲದ ಅಂಕಿಗಳು. ಇದರ ಒಂದು ಪ್ರತಿ ನ್ಯೂಯಾರ್ಕಿನಲ್ಲಿ, ಇನ್ನೊಂದು ಮಾಸ್ಕೋದಲ್ಲಿ. ಒಂದು ಹಾಳೆಯನ್ನು ಒಂದೇ ಸಲ ಬಳಸಿ ನಾಶಮಾಡಬೇಕು ಎಂಬುದು ನಿಯಮ.

ಅಭ್ಯಾಸಕ್ಕೆ ಒಂದು ಸಂದೇಶ ಮಾಡೋಣ. ಕೆಳಗಿನ ಸಂಖ್ಯೆಗಳು ಈ ಟಿಪ್ಪಣಿಗಾಗಿ ಹಾಕಿಕೊಂಡವು, ಸೋವಿಯತ್ ಪುಸ್ತಕದವಲ್ಲ.

ಏಜೆಂಟ್ 7392, ನಾಳೆ 0458, ವಿಮಾನ 2816, ನಕ್ಷೆ 5540, ಕೊಡು 9137.

ಇವನ್ನು ಒಂದರ ಪಕ್ಕ ಒಂದಿಟ್ಟು ಐದೈದಾಗಿ ಕತ್ತರಿಸಬೇಕು. ಮೊದಲ ನಾಲ್ಕಂಕಿಗೆ ಮುಂದಿನ ಗುಂಪಿನ ಒಂದು ಅಂಕಿ ಸೇರುತ್ತದೆ, ಹಾಗೇ ಮುಂದಕ್ಕೆ:

73920 45828 16554 09137

ಈಗ ಕೀಲಿ ಹಾಳೆ. ಅದರ ಮೊದಲ ಗುಂಪು 38014 ಎಂದಿರಲಿ. ಅದನ್ನು ಯಾವ ಬದಲಾವಣೆಯೂ ಇಲ್ಲದೆ ಸಂದೇಶದ ತಲೆಯಲ್ಲೇ ಬರೆಯುತ್ತಾರೆ. ಮಾಸ್ಕೋದ ಗುಮಾಸ್ತ ತನ್ನ ಪುಸ್ತಿಕೆಯಲ್ಲಿ ಯಾವ ಹಾಳೆ ತೆಗೆಯಬೇಕೆಂದು ತಿಳಿಯುವುದು ಅದರಿಂದ. ನಂತರದ ಗುಂಪುಗಳು 61577 90243 28816 74905 ಎಂದಿಟ್ಟುಕೊಳ್ಳಿ. ಇವನ್ನು ಸಂದೇಶದ ಗುಂಪುಗಳಿಗೆ ಅಂಕಿಗೆ ಅಂಕಿ ಕೂಡಬೇಕು. ಆದರೆ ದಶಕ ಒಯ್ಯಬಾರದು. 7ಕ್ಕೆ 6 ಕೂಡಿದರೆ 13. ಮೂರನ್ನು ಬರೆದು ಹತ್ತನ್ನು ಅಲ್ಲೇ ಬಿಟ್ಟುಬಿಡಿ.

73920 + 61577 = 34497
45828 + 90243 = 35061
16554 + 28816 = 34360
09137 + 74905 = 73032

ದಶಕ ಒಯ್ಯದಿರುವುದಕ್ಕೆ ಕಾರಣವಿದೆ. ಒಯ್ದರೆ ಒಂದು ಅಂಕಿಯ ತಪ್ಪು ಎಡಗಡೆಯ ಅಂಕಿಗಳಿಗೂ ಹಬ್ಬುತ್ತದೆ. ಒಯ್ಯದಿದ್ದರೆ ತಂತಿಯಲ್ಲಿ ಒಂದು ಅಂಕಿ ಕೆಟ್ಟರೂ ಕೆಡುವುದು ಅದೊಂದೇ ಅಂಕಿ. ಸ್ವತಃ ಮಾಡಿ ನೋಡುವವರು ಎಡವುವುದೂ ಇಲ್ಲೇ: ಕೈ ತಾನಾಗಿ ದಶಕ ಒಯ್ದುಬಿಡುತ್ತದೆ. ಉತ್ತರ ಹೊಂದದಿದ್ದರೆ ಮೊದಲು ಅದನ್ನೇ ಪರೀಕ್ಷಿಸಿ.

ಕೊನೆಯ ಹೆಜ್ಜೆ, ಅಂಕಿಗಳನ್ನು ರೋಮನ್ ಅಕ್ಷರಗಳಾಗಿಸುವುದು. 0ಯಿಂದ 9ರವರೆಗೆ ಕ್ರಮವಾಗಿ ಓ, ಐ, ಯು, ಝಡ್, ಟಿ, ಆರ್, ಇ, ಡಬ್ಲ್ಯು, ಎ, ಪಿ. ನಮ್ಮ 38014 ‘ಝಡ್ ಎ ಓ ಐ ಟಿ’ ಆಗುತ್ತದೆ. ಇದರಿಂದ ಗುಟ್ಟೇನೂ ಹೆಚ್ಚುವುದಿಲ್ಲ. ಹೀಗೆ ಸಿದ್ಧವಾದ ಸಂದೇಶ ಸಾಮಾನ್ಯ ವಾಣಿಜ್ಯ ತಂತಿ ಕಂಪನಿಯ ಮೂಲಕವೇ ಹೋಗುತ್ತಿತ್ತು. ಯುದ್ಧಕಾಲದ ಕಾನೂನಿನಂತೆ ವಿದೇಶಕ್ಕೆ ಹೋಗುವ ತಂತಿಯ ಪ್ರತಿ ಅಮೆರಿಕದ ಸರ್ಕಾರಕ್ಕೂ ಸಿಗುತ್ತಿತ್ತು. ಸಂದೇಶ ಕೈಗೆ ಸಿಗಲು ಯಾರೂ ಕಳ್ಳತನ ಮಾಡಬೇಕಿರಲಿಲ್ಲ. ಕಥೆಗಳಲ್ಲಿ ಬರುವ ಗೋಡೆ ಹಾರುವ ದೃಶ್ಯ ಇಲ್ಲಿಗೆ ಸಲ್ಲದು.

ಎಲ್ಲಿ ತಪ್ಪಿತು

‘ಅಮೆರಿಕದವರು ಒಂದು ಸಲದ ಕೀಲಿಯನ್ನು ಮುರಿದರು’ ಎಂದು ಅನೇಕ ಕಡೆ ಬರೆದಿರುತ್ತದೆ. ಇದು ತಪ್ಪು. ಸರಿಯಾಗಿ ಬಳಸಿದ ಒಂದು ಸಲದ ಕೀಲಿಯನ್ನು ಯಾರೂ ಮುರಿಯಲಾರರು. ಕೀಲಿ ಯಾವುದಾದರೂ ಆಗಿರಬಹುದಾದ್ದರಿಂದ 34497 ಎಂಬುದರ ಹಿಂದೆ ಐದಂಕಿಯ ಯಾವ ಸಂಖ್ಯೆ ಬೇಕಾದರೂ ಇರಬಹುದು. ಒಂದನ್ನು ಇನ್ನೊಂದಕ್ಕಿಂತ ಹೆಚ್ಚು ನಂಬಲು ಆಧಾರವೇ ಇಲ್ಲ.

ತಪ್ಪು ನಡೆದದ್ದು ಪುಸ್ತಿಕೆ ತಯಾರಾಗುವಲ್ಲಿ. 1942ರ ಆರಂಭದಲ್ಲಿ, ಜರ್ಮನ್ ಸೇನೆ ಮಾಸ್ಕೋದ ಹತ್ತಿರಕ್ಕೆ ಬಂದು ನಿಂತಿದ್ದ ದಿನಗಳಲ್ಲಿ, ಕೀಲಿ ಹಾಳೆಗಳಿಗೆ ಬೇಡಿಕೆ ಏರಿತ್ತು. ಆ ಒತ್ತಡದಲ್ಲಿ ಸುಮಾರು 35,000 ಹಾಳೆಗಳನ್ನು ಇರಬೇಕಾದುದಕ್ಕಿಂತ ಒಂದು ಜೊತೆ ಹೆಚ್ಚು ಮಾಡಿ, ಹಿಂದುಮುಂದಾಗಿಸಿ ಬೇರೆ ಬೇರೆ ಪುಸ್ತಿಕೆಗಳಲ್ಲಿ ಹೊಲಿದರು. ಹೀಗಾಗಿ ವ್ಯಾಪಾರ ನಿಯೋಗದವರು ಬಳಸಿದ ಹಾಳೆಯೇ ಗೂಢಚಾರ ವಿಭಾಗದವರ ಪುಸ್ತಿಕೆಯಲ್ಲೂ ಇರುವುದು ಸಾಧ್ಯವಾಯಿತು. ಕೂತು ಬರೆಯುತ್ತಿದ್ದ ಗುಮಾಸ್ತರ ತಪ್ಪಿಲ್ಲ. ಅವರು ನಿಯಮದಂತೆ ಹಾಳೆಯನ್ನು ಒಂದೇ ಸಲ ಬಳಸಿದರು. ಅದರ ಅವಳಿ ಮತ್ತೊಬ್ಬರ ಮೇಜಿನಲ್ಲಿದೆ ಎಂದು ಅವರಿಗೆ ತಿಳಿಯುವಂತೆಯೇ ಇರಲಿಲ್ಲ.

ಅವಳಿ ಹಾಳೆ ಸಿಕ್ಕರೆ ಏನಾಗುತ್ತದೆ? ಎರಡನೇ ಸಂದೇಶ ಹೀಗಿರಲಿ: ಹಣ 1204, ಏಜೆಂಟ್ 7392, ನಾಳೆ 0458, ಕೊಡು 9137, ಪೂರ್ಣವಿರಾಮ 6650. ಐದೈದಾಗಿ ಕತ್ತರಿಸಿದರೆ 12047 39204 58913 76650. ಅದೇ ಕೀಲಿ ಕೂಡಿದರೆ 73514 29447 76729 40555.

ಈಗ ನೀವು ಕದ್ದು ಓದುವವರ ಜಾಗದಲ್ಲಿ ಕೂತುಕೊಳ್ಳಿ. ನಿಮ್ಮ ಬಳಿ ಇರುವುದು ಎರಡು ಗೂಢಸಂದೇಶಗಳು ಮಾತ್ರ. ಮೊದಲನೆಯದರಿಂದ ಎರಡನೆಯದನ್ನು ದಶಕ ಸಾಲ ಪಡೆಯದೆ ಅಂಕಿಗೆ ಅಂಕಿ ಕಳೆಯಿರಿ. 3ರಿಂದ 7 ಹೋಗದು. 13 ಎಂದು ಭಾವಿಸಿ 6 ಬರೆಯಿರಿ, ಪಕ್ಕದ ಅಂಕಿಯನ್ನು ಮುಟ್ಟಬೇಡಿ.

34497 − 73514 = 61983
35061 − 29447 = 16624
34360 − 76729 = 68641
73032 − 40555 = 33587

ಎರಡರಲ್ಲೂ ಇದ್ದದ್ದು ಒಂದೇ ಕೀಲಿಯಾದ್ದರಿಂದ ಕಳೆದಾಗ ಅದು ಹಾರಿಹೋಯಿತು. ಉಳಿದದ್ದು ಎರಡು ಮೂಲ ಸಂದೇಶಗಳ ನಡುವಣ ವ್ಯತ್ಯಾಸ ಮಾತ್ರ. 73920ರಿಂದ 12047 ಕಳೆದು ನೋಡಿ, ಅದೇ 61983 ಬರುತ್ತದೆ. ವ್ಯತ್ಯಾಸವನ್ನು ಮತ್ತೆ ನಾಲ್ಕು ನಾಲ್ಕಾಗಿ ಕತ್ತರಿಸಿ: 6198 3166 2468 6413 3587.

ಇನ್ನು ಊಹೆಯ ಕೆಲಸ. ಎರಡನೇ ಸಂದೇಶ ‘ಹಣ’ ಎಂದು ಶುರುವಾಗಿರಬಹುದು ಎಂದುಕೊಳ್ಳಿ. 6198ಕ್ಕೆ 1204 ಕೂಡಿ: 7392. ‘ಏಜೆಂಟ್’! ಬೇರೆ ಸಂದೇಶಗಳಲ್ಲಿ ಪದೇ ಪದೇ ಕಂಡ ಸಂಖ್ಯೆ ಅದು. ಈಗ 7392 ಅನ್ನೇ ಎರಡನೇ ಸಂದೇಶದ ಎರಡನೇ ಜಾಗದಲ್ಲಿಟ್ಟು ನೋಡಿ. 3166ಕ್ಕೆ 7392 ಕೂಡಿದರೆ 0458, ‘ನಾಳೆ’. ಅದನ್ನು ಮೂರನೇ ಜಾಗಕ್ಕೆ ಒಯ್ಯಿರಿ: 2468ಕ್ಕೆ 0458 ಕೂಡಿದರೆ 2816, ‘ವಿಮಾನ’. ಒಂದು ಕೊಂಡಿ ಇನ್ನೊಂದನ್ನು ಎಳೆಯುತ್ತಾ ಬರುತ್ತದೆ. ಊಹೆ ತಪ್ಪಿದ್ದರೆ? ಮೊದಲ ಜಾಗದಲ್ಲಿ 1204ರ ಬದಲು 7392 ಇಟ್ಟರೆ 3480 ಬರುತ್ತದೆ. ಎಲ್ಲೂ ಕಾಣದ ಸಂಖ್ಯೆ, ಮುಂದೆ ಏನನ್ನೂ ಎಳೆಯುವುದಿಲ್ಲ. ಹಾಗೆ ಒಣಗಿ ನಿಂತ ಊಹೆಯನ್ನು ಬಿಟ್ಟು ಹಿಂದಕ್ಕೆ ಬರಬೇಕು.

ನಾವು ಮಾಡಿದ್ದು ಐದು ಪದಗಳ ಆಟ, ಜೊತೆಗೆ ಕೋಡ್‌ಬುಕ್ ನಮ್ಮ ಕೈಯಲ್ಲೇ ಇತ್ತು. ಅವರ ಬಳಿ ಅದೂ ಇರಲಿಲ್ಲ. 7392 ಎಂದರೆ ‘ಏಜೆಂಟ್’ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅದೊಂದು ಅಡಿಗಡಿಗೆ ಬರುವ ಸಂಖ್ಯೆ ಎಂದಷ್ಟೇ ಮೊದಲು ತಿಳಿಯುತ್ತಿತ್ತು. ಸಾಲದ್ದಕ್ಕೆ ಒಂದು ಹಾಳೆ ಎರಡಕ್ಕಿಂತ ಹೆಚ್ಚು ಸಲ ಬಳಕೆಯಾಗಿರಲಿಲ್ಲ. ಮೂರು ನಾಲ್ಕು ಸಂದೇಶಗಳು ಒಂದೇ ಕೀಲಿಯಲ್ಲಿದ್ದರೆ ಊಹೆಯನ್ನು ಹಲವು ಕಡೆ ತಾಳೆ ನೋಡಬಹುದು. ಎರಡೇ ಇದ್ದಾಗ ಒಂದನ್ನು ಇನ್ನೊಂದೇ ಸಾಕ್ಷಿ ಹೇಳಬೇಕು. ಈ ಕೆಲಸಕ್ಕೆ ದಶಕಗಳು ಹಿಡಿದದ್ದು ಅದಕ್ಕೇ.

ಆರ್ಲಿಂಗ್ಟನ್ ಹಾಲ್

ವರ್ಜೀನಿಯಾದ ಆರ್ಲಿಂಗ್ಟನ್ ಹಾಲ್ ಮೊದಲು ಹೆಣ್ಣುಮಕ್ಕಳ ಕಾಲೇಜಾಗಿತ್ತು. 1943ರ ಫೆಬ್ರವರಿ 1ರಂದು ಅಲ್ಲಿ ಸೋವಿಯತ್ ತಂತಿಗಳ ವಿಂಗಡಣೆಯನ್ನು ಆರಂಭಿಸಿದವರು ಜೀನ್ ಗ್ರಾಬೀಲ್. ಕೆಲವು ವಾರಗಳ ಹಿಂದಷ್ಟೇ ಅವರು ಶಾಲಾ ಶಿಕ್ಷಕಿಯಾಗಿದ್ದರು. 1939ರಿಂದ ಕೂಡಿಟ್ಟ ತಂತಿಗಳ ರಾಶಿಯನ್ನು ಕಳುಹಿಸಿದ ಊರು, ದಿನಾಂಕ, ಸ್ವರೂಪಗಳ ಮೇಲೆ ಬೇರ್ಪಡಿಸುತ್ತಾ ಹೋದಾಗ ಅದರೊಳಗೆ ಐದು ಪ್ರತ್ಯೇಕ ವ್ಯವಸ್ಥೆಗಳಿವೆ ಎಂದು ತಿಳಿಯಿತು: ವ್ಯಾಪಾರ, ರಾಜತಾಂತ್ರಿಕ, ರಹಸ್ಯ ಪೊಲೀಸ್ ಇಲಾಖೆಯ ಗೂಢಚಾರ ವಿಭಾಗ, ಸೇನಾ ಗೂಢಚಾರ ವಿಭಾಗ ಜಿಆರ್‌ಯು, ನೌಕಾಪಡೆಯ ಜಿಆರ್‌ಯು. ಸಂಖ್ಯೆಯಲ್ಲಿ ಹೆಚ್ಚು ಇದ್ದದ್ದು ವ್ಯಾಪಾರದ ತಂತಿಗಳು.

ಮೊದಲ ಬಿರುಕು ಕಂಡದ್ದೂ ಈ ನೀರಸ ವ್ಯಾಪಾರ ತಂತಿಗಳಲ್ಲೇ. ಶಿಕಾಗೊ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರಾಗಿದ್ದ ಲೆಫ್ಟಿನೆಂಟ್ ರಿಚರ್ಡ್ ಹ್ಯಾಲಕ್ 1943ರ ಅಕ್ಟೋಬರಿನಲ್ಲಿ, ಸಂದೇಶಗಳ ಆರಂಭದ ಗುಂಪುಗಳನ್ನು ಐಬಿಎಂ ಯಂತ್ರಗಳಲ್ಲಿ ಹೋಲಿಸಿ, ಕೀಲಿ ಮರುಬಳಕೆಯಾಗಿರುವ ಗುರುತುಗಳನ್ನು ಹಿಡಿದರು. ವ್ಯಾಪಾರದ ಸಂದೇಶಗಳ ಮೊದಲ ಸಾಲುಗಳು ಒಂದೇ ಅಚ್ಚಿನವಾಗಿದ್ದದ್ದು ಇದಕ್ಕೆ ಅನುಕೂಲವಾಯಿತು. ನಮ್ಮ ಕಚೇರಿ ಪತ್ರಗಳ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ನೆನಪಿಸಿಕೊಳ್ಳಿ. ಎಲ್ಲ ಪತ್ರಗಳೂ ಹಾಗೆ ಶುರುವಾದರೆ ಕದ್ದು ಓದುವವನಿಗೆ ಹಬ್ಬ.

ಎರಡನೇ ಬಿರುಕನ್ನು ಸೋವಿಯತ್ತರು ತಾವೇ ಮಾಡಿಕೊಟ್ಟರು. 1944ರ ಮೇ 1ರಿಂದ ಜಾರಿಗೆ ಬಂದ ಹೊಸ ಪದ್ಧತಿಯಲ್ಲೇ ಕೀಲಿ ಹಾಳೆಯ ಮೊದಲ ಗುಂಪನ್ನು ಹಾಗೇ ಬರೆಯುವುದು ಶುರುವಾದದ್ದು. ಆ ವರ್ಷದ ನವೆಂಬರಿನಲ್ಲಿ ಸೆಸಿಲ್ ಫಿಲಿಪ್ಸ್ ಎಂಬ ಯುವಕ ಇದನ್ನು ಗಮನಿಸಿದರು. ಸಂದೇಶದ ಮೊದಲ ಗುಂಪೇ ಬರಿಯ ಕೀಲಿ ಎಂದಾದರೆ, ವ್ಯಾಪಾರ ವಿಭಾಗದ ಬಿಡಿಸಿದ ಕೀಲಿಗಳಲ್ಲಿ ಆ ಗುಂಪು ಎಲ್ಲಿ ಬರುತ್ತದೆಂದು ಹುಡುಕಿದರಾಯಿತು. ಐದಂಕಿಯ ಗುಂಪು ಎಂದರೆ 1,00,000 ಸಾಧ್ಯತೆಗಳು. ಸಾವಿರಾರು ಸಂದೇಶಗಳಿದ್ದಾಗ ಬರಿಯ ಕಾಕತಾಳೀಯವಾಗಿಯೂ ಕೆಲವು ಹೊಂದುತ್ತವೆ. ಹೊಂದಿದ್ದನ್ನೆಲ್ಲ ನಂಬಲಾಗದು. ಕಳೆದು ನೋಡಿ, ವ್ಯತ್ಯಾಸದಲ್ಲಿ ಅರ್ಥವಿರುವ ಗುಂಪುಗಳು ಎದ್ದು ಬಂದರೆ ಮಾತ್ರ ಅದು ನಿಜವಾದ ಅವಳಿ. ಮುಂಚೆ ಜಪಾನಿನ ‘ಪರ್ಪಲ್’ ಯಂತ್ರದ ಗೂಢಲಿಪಿ ಬಿಡಿಸುವಲ್ಲಿ ನಿರ್ಣಾಯಕ ಪಾತ್ರ ವಹಿಸಿದ್ದ ಜೆನೆವೀವ್ ಫೈನ್‌ಸ್ಟೈನ್ ಕೂಡ ಈ ತಂಡದಲ್ಲಿದ್ದರು. ಈ ಚರಿತ್ರೆಯಲ್ಲಿ ಹೆಂಗಸರ ದುಡಿಮೆ ಇಷ್ಟೊಂದು ಇದ್ದೂ ಅವರ ಹೆಸರು ತಡವಾಗಿ ಹೊರಬಂದದ್ದು ನೋವಿನ ಸಂಗತಿ.

ಕೀಲಿ ಕಳಚಿದ ಮೇಲೆ ಕೋಡ್‌ಬುಕ್ ಕಟ್ಟುವ ಕೆಲಸ ಭಾಷಾಪಂಡಿತ ಮೆರೆಡಿತ್ ಗಾರ್ಡ್ನರ್ ಅವರದು. 1946ರಲ್ಲಿ ಅವರು ಆ ಅಕ್ಷರ ಕೋಷ್ಟಕವನ್ನು ಬಿಡಿಸಿದರು. ಅಲ್ಲಿಂದ ಇಂಗ್ಲಿಷ್ ಹೆಸರುಗಳು ಅಕ್ಷರ ಅಕ್ಷರವಾಗಿ ಹೊರಬರತೊಡಗಿದವು. ಹೆಸರು ತಿಳಿದರೆ ವಿಷಯ ತಿಳಿಯುತ್ತದೆ. ವಿಷಯ ತಿಳಿದರೆ ಸುತ್ತಲಿನ ಪದಗಳನ್ನು ಊಹಿಸಬಹುದು. 1946ರ ಡಿಸೆಂಬರ್ 20ರಂದು ಅವರು ಬಿಡಿಸಿದ ಸಂದೇಶದಲ್ಲಿ ಅಣುಬಾಂಬ್ ಯೋಜನೆಯ ವಿಜ್ಞಾನಿಗಳ ಹೆಸರುಗಳ ಪಟ್ಟಿಯೇ ಇತ್ತು. ಅದು ನ್ಯೂಯಾರ್ಕಿನಿಂದ ಹೋದದ್ದು 1944ರ ಡಿಸೆಂಬರ್ 2ರಂದು. ಎರಡು ವರ್ಷ ಹಿಂದೆ!

ಈ ಎರಡು ದಿನಾಂಕಗಳ ನಡುವಣ ಅಂತರವೇ ವೆನೋನಾದ ಜೀವಾಳ. ಸಂದೇಶ ಕಳುಹಿಸಿದ ದಿನ, ಬಿಡಿಸಿದ ದಿನ, ಅದರ ಮೇಲೆ ಕ್ರಮ ಕೈಗೊಂಡ ದಿನ ಎಂದು ಮೂರು ಕಾಲಂ ಹಾಕಿ ಬರೆದುಕೊಳ್ಳದೆ ಈ ವಿಷಯ ಓದಲು ಹೋಗಬೇಡಿ. ಮೊದಲೆರಡು ಕಾಲಂ ಬೆರೆತರೆ, ‘1944ರಲ್ಲೇ ಗೊತ್ತಿದ್ದೂ ಸುಮ್ಮನಿದ್ದರು’ ಎಂಬ ಸುಳ್ಳು ತೀರ್ಮಾನಕ್ಕೆ ಬರುತ್ತೀರಿ.

ಸುಟ್ಟ ಕೋಡ್‌ಬುಕ್ಕಿನ ವಿಚಾರವೂ ಇಲ್ಲೇ ಹೇಳಬೇಕು. ಫಿನ್‌ಲೆಂಡಿನವರಿಗೆ 1941ರಲ್ಲಿ ಪೆಟ್ಸಾಮೊದಲ್ಲಿ ಸಿಕ್ಕ ಅರೆಸುಟ್ಟ ಸೋವಿಯತ್ ಪುಸ್ತಕದ ಪ್ರತಿ ಜರ್ಮನರ ಮೂಲಕ 1945ರಲ್ಲಿ ಅಮೆರಿಕದವರ ಕೈಸೇರಿತು. ಅದರಿಂದಲೇ ಎಲ್ಲ ಬಿಡಿಸಿದರು ಎಂದು ಬರೆಯುವವರಿದ್ದಾರೆ. ಹಾಗಲ್ಲ. ಅದು ಹಳೆಯ ಪುಸ್ತಕ. 1953ರ ನಂತರ, 1942–43ರ ಸಂದೇಶಗಳಿಗೆ ಉಪಯೋಗಕ್ಕೆ ಬಂತು. ಮುಂದೆ ನಾವು ನೋಡಲಿರುವ ಸೋವಿಯತ್ ಗೂಢಚಾರರಾದ ಫುಕ್ಸ್, ರೋಸೆನ್‌ಬರ್ಗ್, ಮೆಕ್ಲೀನ್ ಪತ್ತೆಗೆ ಕಾರಣವಾದ ಸಂದೇಶಗಳ ಪುಸ್ತಕವನ್ನು ಗಾರ್ಡ್ನರ್ ಮತ್ತು ಸಂಗಡಿಗರು ಕಣ್ಣಾರೆ ಕಾಣದೆಯೇ ಕಟ್ಟಿದರು.

ಎಷ್ಟು ಓದಲಾಯಿತು

ನ್ಯೂಯಾರ್ಕ್–ಮಾಸ್ಕೋ ನಡುವಣ ಗೂಢಚಾರ ಸಂದೇಶಗಳಲ್ಲಿ 1942ರವು ಶೇ 1.8, 1943ರವು ಶೇ 15, 1944ರವು ಶೇ 49 ಓದಲು ಸಿಕ್ಕವು. ವಾಷಿಂಗ್ಟನ್ನಿನ 1945ರವು ಶೇ 1.5 ಮಾತ್ರ. ಒಟ್ಟು ಸುಮಾರು 2,900 ಸಂದೇಶಗಳು, ಅವೂ ಬಹಳಷ್ಟು ಚೂರುಚೂರಾಗಿ. ಆದ್ದರಿಂದ ‘ಇವರ ಹೆಸರು ವೆನೋನಾದಲ್ಲಿಲ್ಲ, ಇವರು ನಿರ್ದೋಷಿ’ ಎನ್ನುವುದಕ್ಕೆ ಬೆಲೆಯಿಲ್ಲ. 1945ರ ವಾಷಿಂಗ್ಟನ್ ಹೆಚ್ಚುಕಡಿಮೆ ಕತ್ತಲೆಯಲ್ಲೇ ಇದೆ.

ಪ್ರಕಟವಾದ ಸಂದೇಶವನ್ನು ಕೈಗೆತ್ತಿಕೊಂಡಾಗ ಮೊದಲು ತಲೆಬರಹ ನೋಡಿ: ಎಲ್ಲಿಂದ, ಎಲ್ಲಿಗೆ, ಕ್ರಮಸಂಖ್ಯೆ, ದಿನಾಂಕ. ‘ವಿಕ್ಟರ್’ ಎಂದು ಸಂಬೋಧನೆಯಿದ್ದರೆ ಅದು ಮಾಸ್ಕೋದ ಮುಖ್ಯಸ್ಥ ಫಿಟಿನ್. ಚೌಕ ಆವರಣದೊಳಗೆ ಇಷ್ಟು ಗುಂಪುಗಳು ಸಿಕ್ಕಿಲ್ಲ ಎಂದಿರುತ್ತದೆ. ಆ ಖಾಲಿಯನ್ನು ನಿಮ್ಮ ಊಹೆಯಿಂದ ತುಂಬಬೇಡಿ. ‘ಅಲ್ಲ’ ಎಂಬ ಒಂದು ಪದ ಅಲ್ಲಿ ಅಡಗಿರಬಹುದು. ಅಡಿಟಿಪ್ಪಣಿಯಲ್ಲಿ ಬರುವ ನಿಜನಾಮ ಸಂದೇಶದ ಭಾಗವಲ್ಲ, ತನಿಖೆಗಾರರು ನಂತರ ತಲುಪಿದ ತೀರ್ಮಾನ. ಸಂದೇಶ ಹೇಳಿದ್ದು, ಟಿಪ್ಪಣಿ ಹೇಳಿದ್ದು ಎರಡನ್ನೂ ಬೇರೆ ಬೇರೆ ಬಣ್ಣದ ಶಾಯಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ.

ಗುಪ್ತನಾಮಗಳಿಗೂ ಪಟ್ಟಿ ಬೇಕು. ಊರುಗಳಿಗೆ ಪುರಾತನ ಹೆಸರುಗಳು: ವಾಷಿಂಗ್ಟನ್ ‘ಕಾರ್ತೇಜ್’, ನ್ಯೂಯಾರ್ಕ್ ‘ಟೈರ್’, ಸ್ಯಾನ್‌ಫ್ರಾನ್ಸಿಸ್ಕೊ ‘ಬ್ಯಾಬಿಲೋನ್’. ರೂಸ್‌ವೆಲ್ಟ್ ‘ಕ್ಯಾಪ್ಟನ್’, ಚರ್ಚಿಲ್ ‘ಕಾಡುಹಂದಿ’. ಅಣುಬಾಂಬ್ ಯೋಜನೆ ‘ಎನಾರ್ಮೋಜ್’. ತೊಡಕಾಗುವುದು ಮನುಷ್ಯರ ವಿಷಯದಲ್ಲಿ, ಏಕೆಂದರೆ 1944ರ ಕೊನೆಯ ತಿಂಗಳುಗಳಲ್ಲಿ ಅನೇಕರ ಹೆಸರು ಬದಲಾಯಿತು. ಜೂಲಿಯಸ್ ರೋಸೆನ್‌ಬರ್ಗ್ ಮೊದಲು ‘ಆಂಟೆನ್ನಾ’, ಆಮೇಲೆ ‘ಲಿಬರಲ್’. ಅಣುಬಾಂಬ್ ಯೋಜನೆಯ ಭೌತವಿಜ್ಞಾನಿ ಕ್ಲಾಸ್ ಫುಕ್ಸ್ ಮೊದಲು ‘ರೆಸ್ಟ್’, ಆಮೇಲೆ ‘ಚಾರ್ಲ್ಸ್’. ಫುಕ್ಸ್ ಅವರಿಂದ ಮಾಹಿತಿ ಒಯ್ಯುತ್ತಿದ್ದ ಹ್ಯಾರಿ ಗೋಲ್ಡ್ ‘ಗೂಸ್’ ಆಗಿದ್ದವರು ‘ಆರ್ನೊ’ ಆದರು. ದಿನಾಂಕ ನೋಡದೆ ಓದಿದರೆ ಒಬ್ಬನನ್ನೇ ಇಬ್ಬರೆಂದು ಎಣಿಸುತ್ತೀರಿ.

ಗುಪ್ತನಾಮ ಇನ್ನೂ ಸಿಗದವರ ಸ್ಥಿತಿ ಇದಕ್ಕಿಂತ ಅಪಾಯದ್ದು. 1944ರ ನವೆಂಬರ್ 12ರ ಸಂದೇಶ, ಅಣುಬಾಂಬ್ ತಯಾರಾಗುತ್ತಿದ್ದ ಲಾಸ್ ಅಲಾಮೋಸ್‌ನ ಭೌತವಿಜ್ಞಾನಿ ಥಿಯೊಡೋರ್ ಹಾಲ್ ಅವರನ್ನು ಹೊಸದಾಗಿ ಪರಿಚಯಿಸುತ್ತಾ ಹೆಸರು, 19 ವರ್ಷದ ವಯಸ್ಸು, ತಂದೆಯ ತುಪ್ಪಳದ ಕಸುಬು ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳುತ್ತದೆ. 1944ರ ನವೆಂಬರ್ 27ರ 1657ನೇ ಸಂದೇಶ ‘ಲಿಬರಲ್’ನ ಹೆಂಡತಿಯ ಬಗ್ಗೆ: ಹೆಸರು ಎಥೆಲ್, ವಯಸ್ಸು 29, ಮದುವೆಯಾಗಿ ಐದು ವರ್ಷ, ಗಂಡನ ಕೆಲಸದ ಬಗ್ಗೆ ತಿಳಿದಿದ್ದಾಳೆ, ಆರೋಗ್ಯ ಸೂಕ್ಷ್ಮವಾದ್ದರಿಂದ ‘ಕೆಲಸ ಮಾಡುತ್ತಿಲ್ಲ’. ಎಥೆಲ್‌ಗೆ ಗುಪ್ತನಾಮ ಇರಲಿಲ್ಲ. ‘ಕೆಲಸ’ ಎಂದರೆ ಸಂಬಳದ ನೌಕರಿಯೋ, ಗೂಢಚಾರಿಕೆಯೋ? ಈ ಒಂದು ಪದದ ಮೇಲೆ ಇಂದಿಗೂ ವಾದ ನಡೆಯುತ್ತಿದೆ. ಗಂಡ ಹೆಂಡತಿ ಇಬ್ಬರಿಗೂ 1953ರ ಜೂನ್ 19ರಂದು ಮರಣದಂಡನೆಯಾಯಿತು. ನ್ಯಾಯಾಲಯದಲ್ಲಿ ಈ ಸಂದೇಶಗಳನ್ನು ಯಾರೂ ತೋರಿಸಲಿಲ್ಲ. ತೋರಿಸಿದ್ದರೆ ಕದ್ದು ಓದುತ್ತಿರುವ ಗುಟ್ಟು ರಟ್ಟಾಗುತ್ತಿತ್ತು.

ಗೊತ್ತಿದ್ದದ್ದನ್ನು ಬಳಸುವುದು ಹೇಗೆ

ಎಫ್‌ಬಿಐನ ರಾಬರ್ಟ್ ಲ್ಯಾಂಫಿಯರ್ 1948ರ ಅಕ್ಟೋಬರಿನಿಂದ ಗಾರ್ಡ್ನರ್ ಜೊತೆ ಪೂರ್ಣಾವಧಿ ಕೆಲಸ ಮಾಡಿದರು. ಫುಕ್ಸ್ ಪ್ರಕರಣದಲ್ಲಿ ಅವರಿಗೆ ಸಿಕ್ಕ ಎಳೆ, ಅನಿಲ ವಿಸರಣೆಯಿಂದ ಯುರೇನಿಯಂ ಬೇರ್ಪಡಿಸುವ ಬಗೆಗಿನ ಒಂದು ವೈಜ್ಞಾನಿಕ ವರದಿಯ ಉಲ್ಲೇಖ. ಆ ವರದಿಯನ್ನು ಕಡತದಲ್ಲಿ ಹುಡುಕಿದರೆ ಬರೆದವರು ಫುಕ್ಸ್. ‘ರೆಸ್ಟ್’ಗೆ ಅಮೆರಿಕದಲ್ಲಿ ಒಬ್ಬ ತಂಗಿ ಇದ್ದಳೆಂಬುದೂ ಹೊಂದಿತು. ಇದಾದದ್ದು 1949ರ ಸೆಪ್ಟೆಂಬರಿನಲ್ಲಿ. ಆದರೆ ನ್ಯಾಯಾಲಯಕ್ಕೆ ಒಯ್ಯಲು ಒಂದು ಚೂರು ಸಾಕ್ಷ್ಯವೂ ಇಲ್ಲ! ಹೀಗಾಗಿ ಅವರ ಬಾಯಿಂದಲೇ ಹೊರಡಿಸಬೇಕಾಯಿತು. ಫುಕ್ಸ್ ಅವರ ತಂದೆ ಪೂರ್ವ ಜರ್ಮನಿಯ ಲೈಪ್‌ಜಿಗ್‌ಗೆ ಹೋಗಿ ನೆಲೆಸಲಿದ್ದ ವಿಚಾರವನ್ನು ನೆಪ ಮಾಡಿಕೊಂಡು ಬ್ರಿಟನ್ನಿನ ಒಳಭದ್ರತಾ ಸಂಸ್ಥೆ ಎಂಐ–5ರ ವಿಲಿಯಂ ಸ್ಕಾರ್ಡನ್ 1949ರ ಡಿಸೆಂಬರಿನಲ್ಲಿ ಮಾತಿಗೆ ಕೂತರು. 1950ರ ಜನವರಿಯಲ್ಲಿ ಫುಕ್ಸ್ ಒಪ್ಪಿಕೊಂಡರು. ಫೆಬ್ರವರಿ 2ರಂದು ಬಂಧನ, ಮಾರ್ಚ್ 1ರಂದು 14 ವರ್ಷದ ಶಿಕ್ಷೆ. ಅಲ್ಲಿಂದ ಸರಪಳಿ: ಮೇ 23ರಂದು ಹ್ಯಾರಿ ಗೋಲ್ಡ್, ಜೂನ್ 15ರಂದು ಎಥೆಲ್ ಅವರ ತಮ್ಮ ಡೇವಿಡ್ ಗ್ರೀನ್‌ಗ್ಲಾಸ್, ಜುಲೈ 17ರಂದು ಜೂಲಿಯಸ್ ರೋಸೆನ್‌ಬರ್ಗ್, ಆಗಸ್ಟ್ 11ರಂದು ಎಥೆಲ್. ತಪ್ಪೊಪ್ಪಿಗೆಯೊಂದು ಕಳಚಿಕೊಂಡರೆ ಸರಪಳಿಯೇ ಇಲ್ಲ. ಥಿಯೊಡೋರ್ ಹಾಲ್ 1951ರಲ್ಲಿ ಎಫ್‌ಬಿಐ ಪ್ರಶ್ನಿಸಿದಾಗ ಏನನ್ನೂ ಒಪ್ಪಲಿಲ್ಲ. ಅವರ ಮೇಲೆ ಮೊಕದ್ದಮೆಯೇ ಆಗಲಿಲ್ಲ.

ಪತ್ತೇದಾರಿ ಓದುಗರು ತೀರ ಹತ್ತಿರದಿಂದ ನೋಡಬೇಕಾದ ಪ್ರಕರಣ ‘ಹೋಮರ್’ ಎಂಬ ಗುಪ್ತನಾಮದ್ದು. 1944–45ರಲ್ಲಿ ವಾಷಿಂಗ್ಟನ್ನಿನ ಬ್ರಿಟಿಷ್ ರಾಯಭಾರ ಕಚೇರಿಯಿಂದ ಚರ್ಚಿಲ್–ರೂಸ್‌ವೆಲ್ಟ್ ನಡುವಣ ತಂತಿಗಳ ವಿಷಯ ಸೋರಿಹೋಗುತ್ತಿತ್ತು ಎಂದು 1949ರ ಹೊತ್ತಿಗೆ ಸ್ಪಷ್ಟವಾಯಿತು. ಯಾರು? ಕಚೇರಿಯಲ್ಲಿ ನೂರಾರು ಜನ. ಮೊದಮೊದಲು ಶಂಕೆ ಹೋದದ್ದು ಕೆಳಹಂತದ ಸಿಬ್ಬಂದಿಯ ಕಡೆಗೆ. ಒಳ್ಳೆಯ ಮನೆತನದ ಹಿರಿಯ ಅಧಿಕಾರಿ ಹೀಗೆ ಮಾಡಬಹುದೆಂದು ಆ ವರ್ಗದ ಯಾರೂ ನಂಬಲು ಸಿದ್ಧರಿರಲಿಲ್ಲ. 1951ರ ಏಪ್ರಿಲಿನಲ್ಲಿ ಒಂದು ತುಣುಕು ಬಿಡಿಸಲಾಯಿತು: 1944ರ ಜೂನಿನಲ್ಲಿ ‘ಹೋಮರ್’ನ ಗರ್ಭಿಣಿ ಹೆಂಡತಿ ನ್ಯೂಯಾರ್ಕಿನಲ್ಲಿ ತನ್ನ ತಾಯಿಯ ಮನೆಯಲ್ಲಿದ್ದಾಳೆ, ಆತ ಅಲ್ಲಿಗೆ ಹೋಗಿಬರುತ್ತಾನೆ. ತವರಿಗೆ ಹೋದ ಬಸುರಿ ಹೆಂಡತಿಯನ್ನು ನೋಡಲು ಹೋಗುವುದು! ರಾಜ್ಯದ ಯಾವ ಗುಟ್ಟೂ ಗುರುತಿಸಿಕೊಡದವನನ್ನು ಈ ಸಂಸಾರದ ಸಂಗತಿ ಗುರುತಿಸಿಕೊಟ್ಟಿತು. ಅದು ಹೊಂದುವುದು ಡೊನಾಲ್ಡ್ ಮೆಕ್ಲೀನ್ ಒಬ್ಬರಿಗೇ. ಆಗ ಅವರು ಲಂಡನ್ನಿನ ವಿದೇಶಾಂಗ ಕಚೇರಿಯಲ್ಲಿ ಅಮೆರಿಕ ವಿಭಾಗದ ಮುಖ್ಯಸ್ಥರು.

ಆದರೆ ವಾಷಿಂಗ್ಟನ್ನಿನಲ್ಲಿ ಬ್ರಿಟಿಷ್ ಗೂಢಚಾರ ಸಂಸ್ಥೆಯ ಪ್ರತಿನಿಧಿಯಾಗಿ ಈ ಬಿಡಿಸಿದ ಸಂದೇಶಗಳ ಸಾರವನ್ನು ಓದುತ್ತಿದ್ದವರು ಕಿಮ್ ಫಿಲ್ಬಿ. ಅವರೇ ಸೋವಿಯತ್ ಏಜೆಂಟ್. ಮೆಕ್ಲೀನ್ ವಿಚಾರಣೆ 1951ರ ಮೇ 28, ಸೋಮವಾರ ಎಂದು ನಿಗದಿಯಾಗಿತ್ತು. ಮೇ 25, ಶುಕ್ರವಾರ, ತಮ್ಮ 38ನೇ ಹುಟ್ಟುಹಬ್ಬದ ದಿನ ರಾತ್ರಿ, ಇನ್ನೊಬ್ಬ ಸೋವಿಯತ್ ಏಜೆಂಟ್ ಗೈ ಬರ್ಜೆಸ್ ಜೊತೆ ಮೆಕ್ಲೀನ್ ಕಾರಿನಲ್ಲಿ ಸೌತಾಂಪ್ಟನ್ನಿಗೆ ಹೋಗಿ ‘ಫಾಲೇಸ್’ ಹಡಗು ಹತ್ತಿ ಫ್ರಾನ್ಸಿನ ಕಡೆ ಹೊರಟುಹೋದರು.

ಆರ್ಲಿಂಗ್ಟನ್ ಹಾಲಿನೊಳಗಿನಿಂದಲೂ ಸುದ್ದಿ ಹೊರಗೆ ಹೋಗಿತ್ತು. ರಷ್ಯನ್ ಭಾಷಾ ಸಲಹೆಗಾರ ವಿಲಿಯಂ ವೈಸ್‌ಬ್ಯಾಂಡ್ ಅದಕ್ಕೆ ಕಾರಣ. ಅವರಿಗೆ ಆದದ್ದು ಗ್ರ್ಯಾಂಡ್ ಜ್ಯೂರಿಯ ಮುಂದೆ ಹಾಜರಾಗದಿದ್ದಕ್ಕೆ ಒಂದು ವರ್ಷದ ಸಜೆ ಮಾತ್ರ. ಗೂಢಚಾರಿಕೆಯ ಆರೋಪ ಹೊರಿಸಲೇ ಇಲ್ಲ. ಕಾರಣ ಮತ್ತೆ ಅದೇ, ಗುಟ್ಟು ಬಯಲಾಗಬಾರದು. ಅತ್ತ ಸಿಐಎಗೆ ಈ ಕೆಲಸದಲ್ಲಿ ಪಾಲು ಸಿಕ್ಕದ್ದು 1952ರಲ್ಲಿ. ಅಂದರೆ ವೆನೋನಾ ಬಗ್ಗೆ ಮಾಸ್ಕೋಗೆ ತಿಳಿದ ಎಷ್ಟೋ ವರ್ಷಗಳ ನಂತರ ಸಿಐಎಗೆ ತಿಳಿಯಿತು.

ಕಥೆ ಓದುವಾಗ ಹಿಡಿಯಬೇಕಾದ ಕಾಲದೋಷಗಳು

1948ರಲ್ಲಿ ನಡೆಯುವ ಕಥೆಯ ಪಾತ್ರ ‘ವೆನೋನಾ’ ಎಂದರೆ ತಪ್ಪು. ಆ ಹೆಸರು ಬಂದದ್ದು ಬಹಳ ತಡವಾಗಿ, ಅದಕ್ಕೆ ಮೊದಲು ‘ಜೇಡ್’, ‘ಬ್ರೈಡ್’, ‘ಡ್ರಗ್’ ಎಂಬ ಹೆಸರುಗಳಿದ್ದವು. ಅದೇ ಪಾತ್ರ ‘ಕೆಜಿಬಿ’ ಎಂದರೂ ತಪ್ಪು, ಆ ಹೆಸರಿನ ಸಂಸ್ಥೆ 1954ರದು. 1946ರಲ್ಲಿ ಸಿಐಎ ಇರಲಿಲ್ಲ, 1947ರ ಸೆಪ್ಟೆಂಬರಿನಲ್ಲಿ ಹುಟ್ಟಿತು. ಅಮೆರಿಕದ ಗೂಢಲಿಪಿ ಸಂಸ್ಥೆ ಎನ್‌ಎಸ್‌ಎ 1952ರ ನವೆಂಬರಿನದು. ಆಸ್ಟ್ರೇಲಿಯಾದಲ್ಲಿ ನಡೆಯುವ ಕಥೆಯಾದರೆ ಅಲ್ಲಿನ ಭದ್ರತಾ ಗುಪ್ತಚರ ಸಂಸ್ಥೆ ಎಎಸ್‌ಐಒ ಸ್ಥಾಪನೆ 1949ರ ಮಾರ್ಚ್ 16. ಕ್ಯಾನ್‌ಬೆರಾ ಸಂದೇಶಗಳು ಬಯಲಿಗೆ ತಂದ ಸೋರಿಕೆಯೇ ಅದರ ಹುಟ್ಟಿಗೆ ಕಾರಣ. ವೆನೋನಾ ಕೆಲಸ ನಿಂತದ್ದು 1980ರ ಅಕ್ಟೋಬರ್ 1ರಂದು, ಸಾರ್ವಜನಿಕರಿಗೆ ತೆರೆದದ್ದು 1995ರ ಜುಲೈಯಲ್ಲಿ. ಅದಕ್ಕೆ ಮೊದಲು ಬರೆದ ರೋಸೆನ್‌ಬರ್ಗ್ ಪ್ರಕರಣದ ಪುಸ್ತಕಗಳನ್ನು ಓದುವಾಗ, ಲೇಖಕರ ಮುಂದೆ ಈ ಸಂದೇಶಗಳ ಪೂರ್ಣ ಪಾಠ ಇರಲಿಲ್ಲ ಎಂಬುದನ್ನು ಲೆಕ್ಕಕ್ಕಿಟ್ಟುಕೊಳ್ಳಿ.

ಅಭ್ಯಾಸಕ್ಕೆ ಒಂದು ಉಳಿಸಿದೆ. ಮೇಲಿನ ವ್ಯತ್ಯಾಸದ ನಾಲ್ಕನೇ ಗುಂಪು 6413, ಐದನೆಯದು 3587. ಎರಡನೇ ಸಂದೇಶದ ಕೊನೆಯಲ್ಲಿ ಪೂರ್ಣವಿರಾಮ 6650 ಇದೆಯೆಂದು ಊಹಿಸಿ ಮೊದಲ ಸಂದೇಶದ ಕೊನೆಯ ಪದ ಬಿಡಿಸಿ. ಬಂದದ್ದನ್ನು ಎರಡನೇ ಸಂದೇಶದ ನಾಲ್ಕನೇ ಜಾಗದಲ್ಲಿಟ್ಟು ಕೂಡಿ. 5540 ಬಂದರೆ ಸರಿ. 6540 ಬಂದರೆ ಎಲ್ಲೋ ಒಂದು ದಶಕ ಒಯ್ದಿದ್ದೀರಿ.